ರೆಕಾರ್ಡಿನ ವೇಗ

ಶುಕ್ರವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಗ್ಲೆನಿಸ್‌ಳ ಕಣ್ಣಿಗೆ ಮೊದಲು ಬಿದ್ದದ್ದು ಅನಾಹೆರಾಳ ಭುಜಗಳು. ಹಲ್ಲು ಶುಚಿ ಮಾಡುವ ಆ ಸಣಕಲು ಹುಡುಗಿಗೆ ರಾತ್ರೋರಾತ್ರಿ ಕುಸ್ತಿಪಟುವಿನ ಮೈಕಟ್ಟು ಬಂದುಬಿಟ್ಟಿತ್ತು. ಒಳಗೆ ದಿಂಬು ತುರುಕಿದ ನೀಲಿ ಕೋಟು, ಕಣ್ಣು ಕುಕ್ಕುವ ಗುಲಾಬಿ ಕಾಲುಚೀಲ, ಹಣೆಗೊಂದು ಪಟ್ಟಿ. ಗೋಡೆಯ ಸ್ಪೀಕರಿನಲ್ಲಿ ಯಾವುದೋ ಯಂತ್ರ ತಾಳ ಹಾಕುತ್ತಿತ್ತು, ಅದರ ಮೇಲೆ ಇನ್ಯಾವುದೋ ಯಂತ್ರ ಪ್ರೀತಿಯ ವಿಷಯ ಮಾತಾಡುತ್ತಿತ್ತು.

"ಅಯ್ಯೋ ಗ್ಲೆನಿಸ್, ಇವತ್ತು ಎಂಬತ್ತರ ದಶಕದ ವೇಷ ಅಂತ ಎಷ್ಟು ಸಲ ಹೇಳಿದ್ದೆ! ನಮ್ಮೆಲ್ರಿಗಿಂತ ನಿಮ್ಗೇ ಸುಲಭ ಅದು. ಬೀರು ತೆಗೆದ್ರೆ ಸಾಕು, ಅಲ್ವಾ?"

"ಬೀರು ತೆಗೆದೆ. ಇದೇ ಇತ್ತು," ಎಂದು ಗ್ಲೆನಿಸ್ ತನ್ನ ಕಂದು ಸ್ವೆಟರಿನ ತೋಳು ತೋರಿಸಿದಳು.

ಎಲ್ಲರೂ ನಕ್ಕರು. ಅವಳು ಹೇಳಿದ್ದು ನಿಜವಾಗಿತ್ತು. ಅವಳ ಎಂಬತ್ತರ ದಶಕ ಕಂದು ಬಣ್ಣದ್ದು. ಜುಲೈಯಲ್ಲಿ ಚಳಿಗಾಲ ಬರುವ ಈ ದಕ್ಷಿಣದ ಊರು ಡನೀಡಿನ್ನಿನ ದಾನದಂಗಡಿಗಳಲ್ಲಿ ಸತ್ತವರ ಸ್ವೆಟರುಗಳು ರಾಶಿ ಬಿದ್ದಿರುತ್ತಿದ್ದವು. ಮೊಣಕೈ ಹರಿದ ಕಂದು ಸ್ವೆಟರು, ಅದರ ಮೇಲೆ ಇನ್ನೊಂದು ಕಂದು ಸ್ವೆಟರು. ಊರಿನ ಅರ್ಧ ಹುಡುಗ ಹುಡುಗಿಯರು ಹಾಗೇ ಓಡಾಡಿಕೊಂಡಿದ್ದರು. ಹೊಳೆಯುವ ಬಟ್ಟೆ, ಹೊಗೆ ಬಿಡುವ ವೇದಿಕೆ, ಭುಜದೊಳಗಿನ ದಿಂಬು, ಇವೆಲ್ಲ ಟೀವಿಯೊಳಗೆ ಬೇರೆ ಯಾರಿಗೋ ನಡೆಯುತ್ತಿದ್ದವು. ಈಗ ಆ ಬೇರೆಯವರ ದಶಕವನ್ನೇ ತಂದು ಇವಳ ಕೈಗಿಟ್ಟು, ತಗೋ ಇದು ನಿನ್ನದು ಎನ್ನುತ್ತಿದ್ದಾರೆ. ಅನಾಹೆರಾ ಅವಳ ಹಣೆಗೂ ಒಂದು ಹಸಿರು ಪಟ್ಟಿ ಬಿಗಿದು, "ನಮ್ಮಮ್ಮ ಹೇಳ್ತಾಳೆ, ಆಗ ಹಾಡು ಅಂತ ಏನೂ ಇರ್ಲೇ ಇಲ್ವಂತೆ, ಬರೀ ಕೂದಲು ಇತ್ತಂತೆ. ಹೌದಾ?" ಎಂದು ಕೇಳಿದಾಗ ಅವಳು "ಹೂಂ, ಕೂದಲು ಚೆನ್ನಾಗಿತ್ತು" ಎಂದಳು. ಹೇಳಿದ ಮೇಲೆ ಕೆನ್ನೆ ಸುಟ್ಟಂತಾಯಿತು. ಆ ದಿನಗಳಲ್ಲಿ ತನ್ನ ಜೊತೆ ಹಾಡುತ್ತಿದ್ದ ಮರ್ಡೋನನ್ನು ಮಾರಿಕೊಂಡಂತೆ ಅನಿಸಿತು, ಅದೂ ಒಂದು ಹಸಿರು ಪಟ್ಟಿಗೆ. ಆದರೂ ಅದನ್ನು ಹಣೆಯಿಂದ ತೆಗೆಯುವ ಧೈರ್ಯ ಬರದೆ ಹಾಗೇ ಮೇಜಿನ ಹಿಂದೆ ಕೂತು, ಹಲ್ಲುನೋವಿನವರ ಫೋನುಗಳಿಗೆಲ್ಲ ಉತ್ತರ ಕೊಟ್ಟಳು.

ಬುಧವಾರದಿಂದ ತಲೆಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಅಂದು ಸಂಜೆ ರಸೆಲ್ ಫೋನು ಮಾಡಿದ್ದ. ಎಂಬತ್ತರ ದಶಕದಲ್ಲಿ ಕಟ್ಟಿದ್ದ ಮೂರು ಜನರ ಹಾಡಿನ ತಂಡದಲ್ಲಿ ಈಗ ಉಳಿದಿರುವುದು ಬಾಸ್ ಗಿಟಾರಿನ ರಸೆಲ್ ಮತ್ತು ಡ್ರಮ್ ಬಾರಿಸುತ್ತಿದ್ದ ಇವಳು. ಹಾಡುತ್ತಿದ್ದ ಮರ್ಡೋ ಇಪ್ಪತ್ನಾಲ್ಕನೆಯ ವಯಸ್ಸಿಗೇ ಹೋದ. ತಂಡದ ಕೋಲ್ಡ್ ವಾರ್ಡ್ರೋಬ್ಸ್ ಎಂಬ ಹೆಸರನ್ನು ಊರಿನ ರೇಡಿಯೋ ಕೂಡ ಎರಡು ಸಲ ತಪ್ಪಾಗಿ ಹೇಳಿ ಕೈಬಿಟ್ಟಿತ್ತು. ಅವರ ಒಂದೇ ಒಂದು ರೆಕಾರ್ಡು ಮೂರು ಅಂಗಡಿಗಳಲ್ಲಿ ಧೂಳು ತಿಂದು, ಆಮೇಲೆ ಹೇಗೋ ಹಡಗು ಹತ್ತಿ ಹೋಗಿ, ಯಾರಿಗೂ ಗೊತ್ತಿಲ್ಲದ ಹಾಗೆ ದೂರದೂರದ ಊರುಗಳ ಮಾಳಿಗೆ ಕೋಣೆಗಳಲ್ಲಿ ದೇವರಾಯಿತು. ಈಗ ಮೆಲ್ಬರ್ನಿನ ಒಂದು ಸಣ್ಣ ಕಂಪನಿ ಅದನ್ನು ಮತ್ತೆ ಹೊರಗೆ ತರುತ್ತಿತ್ತು. ರಸೆಲ್ ಮೂಲ ಟೇಪುಗಳನ್ನು ಹುಡುಕಿ ಅವುಗಳ ನಕಲು ಕಳಿಸಿದ್ದ. ಅಲ್ಲಿನ ತಂತ್ರಜ್ಞೆಯೊಬ್ಬಳು ಹಾಡಿನ ತಳದಲ್ಲಿದ್ದ ಗುಂಯ್ ಶಬ್ದವನ್ನು ಅಳೆದು ನೋಡಿದಳಂತೆ. ಗೋಡೆಯ ಕರೆಂಟು ಯಾವ ಕಾಲಕ್ಕೂ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಟೇಪಿನಲ್ಲಿ ಅದು ಎರಡು ಮನೆ, ಅಂದರೆ ಎರಡು ಸ್ವರಸ್ಥಾನ, ಮೇಲಿತ್ತು.

"ಅಂದ್ರೆ ಏನು ರಸೆಲ್? ನಂಗೆ ಅರ್ಥ ಆಗೋ ಹಾಗೆ ಹೇಳು."

"ಅಂದ್ರೆ ನಾವು ಬೆಪ್ಪರು ಅಂತ. ಜುಲೈ ತಿಂಗಳ ಚಳೀಲಿ, ಸ್ಕೌಟ್ ಹುಡುಗರ ಹಾಲ್‌ನಲ್ಲಿ, ಒಂದು ಹೀಟರೂ ಇಲ್ದೆ ರೆಕಾರ್ಡ್ ಮಾಡಿದ್ವಿ. ನನ್ನ ಯಂತ್ರದ ರಬ್ಬರ್ ಬೆಲ್ಟು ಚಳಿಗೆ ಮರಗಟ್ಟಿ ನಿಧಾನ ತಿರುಗ್ತಿತ್ತು. ಆಮೇಲೆ ಅದನ್ನ ನಮ್ಮಮ್ಮನ ಅಡುಗೆಮನೆಗೆ ತಂದು, ಕಲ್ಲಿದ್ದಲ ಒಲೆ ಪಕ್ಕ ಇಟ್ಟು ನುಡಿಸಿ ರೆಕಾರ್ಡಿಗೆ ಇಳಿಸಿದ್ವಲ್ಲ, ಬೆಚ್ಚಗಾಯ್ತು, ಸರಿಯಾಗಿ ತಿರುಗ್ತು. ನಿಧಾನ ಹಿಡಿದಿದ್ದನ್ನ ಜೋರಾಗಿ ಬಿಟ್ರೆ ಏನಾಗತ್ತೆ? ಅಷ್ಟೇ ಕಣೇ. ನಲವತ್ತು ವರ್ಷದಿಂದ ಆ ರೆಕಾರ್ಡು ಓಡ್ತಾ ಇದೆ, ನಡೀಬೇಕಾಗಿದ್ದು." ಆಮೇಲೆ ಬೇರೆಯೇ ದನಿಯಲ್ಲಿ ಹೇಳಿದ: "ಅವ್ನ ದನಿ ಅದಲ್ಲ ಗ್ಲೆನ್. ನಾನು ಸರಿ ಮಾಡಿ ಇಟ್ಟಿದೀನಿ. ನೀನು ಕೇಳದೆ ಕಳ್ಸಲ್ಲ. ಶುಕ್ರವಾರ ಸಂಜೆಯೊಳಗೆ ಅವ್ರಿಗೆ ಹೇಳ್ಬೇಕು, ಹಳೇದೋ ಇದೋ ಅಂತ."

ಕೊನೆಯ ಮಾತು ಅವಳದೇ ಆಗಿತ್ತು. ಮರ್ಡೋನ ತಾಯಿ ಸಾಯುವ ಮುಂಚೆ, ಹುಡುಗನ ಹಾಡಿನ ವಿಷಯ ಏನಿದ್ದರೂ ಗ್ಲೆನಿಸ್‌ಳನ್ನು ಕೇಳಿ ಎಂದು ಎಲ್ಲರಿಗೂ ಹೇಳಿ ಹೋಗಿದ್ದಳು. ಹಳೆಯದನ್ನೇ ಬಿಡಲಿ ಎಂದು ಫೋನಿನಲ್ಲೇ ಹೇಳಿಬಿಡಬಹುದಿತ್ತು. ಶುಕ್ರವಾರ ಬರುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟಳು. ಆ ರಾತ್ರಿಯೂ ಮರುದಿನವೂ ಅವಳನ್ನು ತಿಂದದ್ದು ಒಂದೇ ಸಂಗತಿ, ಅದನ್ನು ರಸೆಲ್‌ಗಾಗಲಿ ಯಾರಿಗಾಗಲಿ ಹೇಳುವಂತಿರಲಿಲ್ಲ: ಅವಳಿಗೆ ಮರ್ಡೋನ ದನಿ ಮರೆತುಹೋಗಿತ್ತು. ನೆನಪಿಸಿಕೊಳ್ಳಲು ಕೂತರೆ ರೆಕಾರ್ಡಿನ ದನಿಯೇ ಬರುತ್ತಿತ್ತು. ಹಾಸಿಗೆಯಲ್ಲಿ ಪಕ್ಕಕ್ಕೆ ತಿರುಗಿ ಅವನು ಆಡಿದ ಮಾತು, ಬಸ್ಸಿನಲ್ಲಿ ಜಗಳವಾಡಿದ್ದು, ಹಾಲು ಮುಗಿದಿದೆ ಎಂದದ್ದು, ಎಲ್ಲವೂ ಆ ತೆಳ್ಳಗಿನ, ಹದಿನಾರರ ಹುಡುಗನ, ಅವಸರದ ದನಿಯಲ್ಲೇ ಕೇಳುತ್ತಿದ್ದವು. ಹೇಗೂ ಅವನದೇ ದನಿ ತಾನೆ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು. ಈಗ ರಸೆಲ್ ಆ ಸಮಾಧಾನವನ್ನೂ ಕಿತ್ತುಕೊಂಡಿದ್ದ. ಆದರೆ ಅದರ ಜೊತೆಗೇ ಒಂದು ಆಸೆಯನ್ನೂ ಹಚ್ಚಿದ್ದ. ಶುಕ್ರವಾರ ಅವನ ಗ್ಯಾರೇಜಿಗೆ ಹೋದರೆ ಮರ್ಡೋ ಇರುತ್ತಾನೆ. ಮೂರು ನಿಮಿಷವಾದರೂ ಸರಿ, ಇರುತ್ತಾನೆ.

ಮಧ್ಯಾಹ್ನ ಕೆನ್ನೆ ಊದಿಸಿಕೊಂಡ ಮುದುಕನೊಬ್ಬ ಮೇಜಿನ ಮುಂದೆ ನಿಂತು ಅವಳ ಹಸಿರು ಪಟ್ಟಿಯನ್ನು ನೋಡಿ ತಲೆಯಲ್ಲಾಡಿಸಿದ. ಹೋದ ವರ್ಷ ಇದೇ ಜಾಗದಲ್ಲಿ ಒಸಾಕಾದಿಂದ ಬಂದ ಒಬ್ಬ ಹುಡುಗ ಎದೆಗೆ ರೆಕಾರ್ಡು ಅವುಚಿಕೊಂಡು ನಿಂತಿದ್ದ. ಗ್ಲೆನಿಸ್‌ಳ ಸಹಿ ಹಾಕಿಸಿಕೊಂಡು, ನಿಮ್ಮ ಕೈಗಳ ಫೋಟೋ ತೆಗೆಯಲೇ ಎಂದು ಕೇಳಿದ. ಎಷ್ಟು ವೇಗ, ಎಷ್ಟು ವೇಗ, ಈ ಕೈಗಳಿಗೆ ಅಷ್ಟು ವೇಗ ಎಲ್ಲಿಂದ ಬಂತು ಎಂದ. ಮತ್ತೆ ಹಲ್ಲುನೋವಿನವರ ಎದುರೇ ಮರ್ಡೋನ ಸಾಲೊಂದನ್ನು ಹಾಡಿ ತೋರಿಸಿದ. ಸಾಲಿಗೆ ಮುಂಚೆ ಹಕ್ ಎಂದು ಉಸಿರೆಳೆದ. ಮರ್ಡೋ ಹಾಗೆ ಎಳೆಯುತ್ತಿದ್ದ. ಅದೊಂದು ಶೈಲಿ ಎಂದು ಪತ್ರಿಕೆಗಳಲ್ಲಿ ಬರೆದರು. ಎಲ್ಲೆಲ್ಲಿಯದೋ ಹುಡುಗರು ಕಲಿತು ಹಾಗೇ ಹಾಡಿದರು. ಒಸಾಕಾದ ಆ ಹುಡುಗನ ಎಳೆಯ ಎದೆ ಒಳ್ಳೆಯ ಆರೋಗ್ಯದಲ್ಲಿ ಉಬ್ಬಿ ಇಳಿಯಿತು. ಅವಳು ನಕ್ಕು, ಪೆನ್ನಿನ ಮುಚ್ಚಳ ಹಾಕಿ, ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಬಿಟ್ಟುಕೊಂಡು ಅತ್ತಿದ್ದಳು. ಮರ್ಡೋಗೆ ಉಬ್ಬಸವಿತ್ತು. ಅದರಲ್ಲೇ ಅವನು ಸತ್ತ, ಗೋಡೆಯಲ್ಲಿ ನೀರಿಳಿಯುವ ಬಾಡಿಗೆ ಮನೆಯಲ್ಲಿ, ಆಗಸ್ಟಿನ ಒಂದು ಮಧ್ಯಾಹ್ನ, ಅವಳು ಪೇಟೆಗೆ ಹೋಗಿದ್ದಾಗ.

ಮೂರು ಗಂಟೆಗೆ ರಜೆ ಕೇಳಿ ಪೋರ್ಟ್ ಚಾಮರ್ಸಿನ ಬಸ್ಸು ಹತ್ತಿದಳು. ಬಂದರಿನ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಚಾಲಕ ಕನ್ನಡಿಯಲ್ಲಿ ಅವಳನ್ನೇ ನೋಡಿ ನಗುತ್ತಿದ್ದಾನೆ ಎನಿಸಿ, ಯಾಕೆಂದು ಹೊಳೆಯದೆ, ಎರಡು ನಿಲ್ದಾಣ ಕಳೆದ ಮೇಲೆ ಹಣೆಯ ಪಟ್ಟಿ ಕೈಗೆ ಸಿಕ್ಕಿತು. ಕಿತ್ತು ಜೇಬಿಗೆ ತುರುಕಿದಳು. ದಾರಿಯಲ್ಲಿ ರೇವನ್ಸ್‌ಬೋರ್ನಿನಲ್ಲಿ ಆ ಸ್ಕೌಟ್ ಹಾಲ್ ಈಗಲೂ ಇದೆ, ತಗಡಿನ ಸೂರು, ಹಸಿರು ಬಾಗಿಲು. ಮೂವರೂ ಕೈಗವಸು ಹಾಕಿಕೊಂಡೇ ಸಾಮಾನು ಇಳಿಸಿದ್ದರು. ಮರ್ಡೋ ತನ್ನ ಗಿಟಾರಿನ ಎರಡು ತಂತಿಗಳನ್ನು ಬೆರಳಿನಿಂದ ಮುಟ್ಟದೆ ತೆರೆದೇ ಬಿಟ್ಟಿರುತ್ತಿದ್ದ. ಉಳಿದವು ಎತ್ತ ಅಲೆದರೂ ಆ ಎರಡು ತಂಬೂರಿಯ ಹಾಗೆ ಮೊಳಗುತ್ತಲೇ ಇರುತ್ತಿದ್ದವು. ಅದಕ್ಕಿಂತ ಚೆಂದದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಯಾರಿಗೂ ಸರಿಯಾಗಿ ನುಡಿಸಲು ಬರುತ್ತಿರಲಿಲ್ಲ. ಬರುವುದು ಬೇಕೂ ಆಗಿರಲಿಲ್ಲ. ಹೊರಗೆ ಜಗತ್ತೆಲ್ಲ ಹಣ ಹಾಕಿ ಥಳಥಳ ಉಜ್ಜಿದ ಸಂಗೀತವನ್ನು ಮಾರುತ್ತಿದ್ದಾಗ ಈ ಮೂವರು ಒಂದು ಮೈಕಿನ ಸುತ್ತ ಚಳಿಗೆ ಒತ್ತಿಕೊಂಡು ನಿಂತು, ಮುಂದಿನ ಬೀದಿಗೆ ಕೇಳಿದರೂ ಸಾಕು ಎಂದುಕೊಂಡು ಹಾಡಿದರು. ಹಾಗೆ ಹಾಡಿದ್ದರಲ್ಲಿ ಸುಳ್ಳು ಇರಲಿಲ್ಲ. ಸುಳ್ಳು ಬಂದದ್ದು ಒಲೆಯ ಪಕ್ಕದಲ್ಲಿ.

ರೆಕಾರ್ಡು ಮನೆಗೆ ಬಂದ ದಿನ ಮರ್ಡೋ ನೆಲದ ಮೇಲೆ ಕೂತು ಕೇಳಿದ. ಕೇಳುತ್ತ ಹುಬ್ಬು ಗಂಟಿಕ್ಕಿದ. "ಯಾರೇ ಈ ಹುಡ್ಗ? ಇದು ನಾನಲ್ಲ" ಎಂದ. ಅವಳೂ ರಸೆಲ್ಲೂ ಬಿದ್ದು ಬಿದ್ದು ನಕ್ಕರು. "ಎಲ್ರಿಗೂ ಅವರವರ ದನಿ ಹಾಗೇ ಕಣೋ ಕೇಳ್ಸೋದು, ನಾಚ್ಕೆ ಪಟ್ಕೋಬೇಡ" ಎಂದು ಅವಳೇ ಹೇಳಿದಳು. ಅವನು ಗಿಟಾರು ತೆಗೆದು ಜೊತೆಗೆ ನುಡಿಸಿ ನೋಡಿದ. ಎರಡು ಮನೆ ವ್ಯತ್ಯಾಸ ಬಂತು. ಅವತ್ತು ಮೇಲಿಂದಲೇ ನುಡಿಸಿದ್ದೆವೇನೋ, ಯಾರಿಗೆ ನೆನಪಿದೆ ಎಂದ ರಸೆಲ್. ಮುಂದಿನ ವಾರದಿಂದ ಮರ್ಡೋ ಗಿಟಾರಿನ ಕುತ್ತಿಗೆಗೆ ಶ್ರುತಿ ಏರಿಸುವ ಕ್ಲಿಪ್ಪು ಹಾಕಿಕೊಂಡು ಎರಡು ಮನೆ ಮೇಲಿಂದ ಹಾಡತೊಡಗಿದ. ಹೋಟೆಲಿನ ಹಿಂಭಾಗದ ಕೋಣೆಗಳಲ್ಲಿ ಸೇರುತ್ತಿದ್ದ ಆ ಇಪ್ಪತ್ತು ಮೂವತ್ತು ಜನಕ್ಕೆ ರೆಕಾರ್ಡಿನಲ್ಲಿದ್ದ ಹಾಗೇ ಬೇಕಿತ್ತು. ಅವಳೂ ಅದನ್ನು ಹಾಕಿಕೊಂಡು ಹಾಕಿಕೊಂಡು ಅಭ್ಯಾಸ ಮಾಡಿದಳು. ಇಷ್ಟು ವೇಗವಾಗಿ ನಾನು ಬಾರಿಸಿದ್ದೆನೇ ಎಂದು ಹೆಮ್ಮೆಪಟ್ಟು, ಮಣಿಕಟ್ಟು ಊದಿಸಿಕೊಂಡು, ಆ ವೇಗವನ್ನು ಹಿಡಿದಳು. ಅವನ ಬೆನ್ನಿನ ಹಿಂದೆ ಕೂತು ಒಂದು ವರ್ಷ ಅವನನ್ನು ಓಡಿಸಿದಳು. ಬೆನ್ನು ಏಳುವುದೂ ಇಳಿಯುವುದೂ ಅವಳಿಗೆ ಕಾಣುತ್ತಿತ್ತು. ಅಂಗಿ ಒದ್ದೆಯಾಗಿ ಅಂಟಿಕೊಳ್ಳುವುದು ಕಾಣುತ್ತಿತ್ತು. ಚೆನ್ನಾಗಿ ಹಾಡುತ್ತಿದ್ದಾನೆ ಎಂದುಕೊಂಡಳು.

ಗ್ಯಾರೇಜಿನ ಬಾಗಿಲಲ್ಲೇ ರಸೆಲ್ ನಿಂತಿದ್ದ. ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾದವನು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬಂದ್ಯಾ? ನೀನು ಬರಲ್ಲ ಅಂತ ಪಂದ್ಯ ಕಟ್ಟಿದ್ದೆ."

"ಯಾರ ಹತ್ರ?"

"ನಾಯಿ ಹತ್ರ. ಈಗ ಅದಕ್ಕೆ ಸಾಸೇಜು ಕೊಡ್ಬೇಕು. ಬಾ, ಚೀಸ್ ರೋಲ್ ಬಿಸಿ ಮಾಡಿದೀನಿ, ತಿನ್ನು. ಹೆಣದ ಹಾಗಿದೀಯ."

ಅವಳು ಚಹಾದ ಲೋಟ ಮಾತ್ರ ಹಿಡಿದುಕೊಂಡಳು. ಮೇಜಿನ ಮೇಲೆ ಎರಡು ಸ್ಪೀಕರುಗಳು ಅವಳ ಕಡೆಗೇ ಮುಖ ಮಾಡಿ ಕೂತಿದ್ದವು. ಆಸ್ಪತ್ರೆಯಲ್ಲಿ ಹೆಸರು ಕೂಗಲು ಕಾಯುವವಳ ಹಾಗೆ ಅವಳು ಕುರ್ಚಿಯ ತುದಿಯಲ್ಲಿ ಕೂತಳು.

"ಹಳೇದನ್ನೇ ಕಳ್ಸು ರಸೆಲ್," ಎಂದುಬಿಟ್ಟಳು. "ಜನ ಪ್ರೀತ್ಸಿರೋದು ಅದನ್ನ."

"ಜನ ಪ್ರೀತ್ಸಿರೋದು ನನ್ನ ಬೆಲ್ಟನ್ನ ಕಣೇ. ನೆಟ್ಟಗೆ ತಿರುಗದೆ ಇರೋ ಒಂದು ರಬ್ಬರ್ ಪಟ್ಟೀನ. ಹಾಡ್ದೋನನ್ನ ಇನ್ನೂ ಯಾರೂ ಕೇಳೇ ಇಲ್ಲ."

"ನಾನು ಕೇಳಿದೀನಿ."

"ಜ್ಞಾಪಕ ಇದ್ಯಾ?"

ರಸೆಲ್ ಗಡ್ಡ ಕೆರೆದುಕೊಂಡ. "ನಂಗೂ ಇರ್ಲಿಲ್ಲ," ಎಂದ. "ಮೊನ್ನೆ ಹಾಕ್ದಾಗ ಫಕ್ಕನೆ ಬಂತು. ಬಾಗ್ಲು ತೆಗ್ದು ಒಳಗೆ ಬಂದ್ನಲ್ಲ ಅನ್ನಿಸ್ತು. ಅವ್ರಮ್ಮನ ಮೇಲಾಣೆ, ಎದ್ದು ನಿಂತ್ಬಿಟ್ಟೆ." ಅವನ ಕಣ್ಣು ಕೆಂಪಾಗಿತ್ತು. ಅದನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಪಡುವಷ್ಟು ಹೊಟ್ಟೆಕಿಚ್ಚು. ತಾನು ಅವನ ಜೊತೆ ಮಲಗಿದವಳು, ಅವನ ಸಾಕ್ಸು ಒಗೆದವಳು. ಇವನು ಬರೀ ಬಾಸ್ ಹಿಡಿದು ನಿಂತಿದ್ದವನು. "ಹಾಕು," ಎಂದಳು.

ಮೊದಲು ಬಂದದ್ದು ಆ ಗುಂಯ್ ಶಬ್ದ. ಆಮೇಲೆ ಗಿಟಾರು, ಆ ಎರಡು ತೆರೆದ ತಂತಿಗಳು, ಎಂದಿಗಿಂತ ದಪ್ಪಗೆ, ನೆಲದಿಂದ ಮೇಲೆದ್ದು ಬಂದ ಹಾಗೆ. ರೆಕಾರ್ಡಿನಲ್ಲಿ ಗಾಜಿನಂತೆ ಹೊಳೆಯುತ್ತಿದ್ದದ್ದು ಇಲ್ಲಿ ಮರದಂತಿತ್ತು. ಅವಳ ತೋಳಿನ ಮೇಲೆ ಕೂದಲು ನಿಮಿರಿತು. ಹಕ್ ಎಂಬ ಆ ಪ್ರಸಿದ್ಧ ಉಸಿರಿನ ಜಾಗ ಬಂತು. ಅದು ಹಕ್ ಎನ್ನಲಿಲ್ಲ. ಉದ್ದಕ್ಕೆ, ಕಷ್ಟದಿಂದ, ತಳದಲ್ಲಿ ಸಣ್ಣ ಸಿಳ್ಳೆಯೊಂದಿಗೆ ಗಾಳಿ ಒಳಗೆ ಹೋಯಿತು. ಹಳ್ಳದಿಂದ ಮೇಲೆ ಹತ್ತಿ ಬಂದವನೊಬ್ಬ ಬಾಗಿಲಲ್ಲಿ ನಿಂತು ಎಳೆದುಕೊಳ್ಳುವ ಉಸಿರು. ಆಮೇಲೆ ದನಿ ಬಂತು. ತಗ್ಗಿನ, ತುಸು ಒಡಕಾದ, ಪೂರ್ತಿ ಬೆಳೆದ ಗಂಡಸಿನ ದನಿ. ಅವಳು ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದಳು. ಫಕ್ಕನೆ ಬರುವುದಕ್ಕೆ ಕಾದಳು. ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು. ಒಳ್ಳೆಯ ದನಿ. ಬೇಸರದಲ್ಲೂ ಮರ್ಯಾದೆಯಿದ್ದ ದನಿ. ಯಾರೋ ಅಪರಿಚಿತ ಮನೆಗೆ ಬಂದರೆ ಕೂತು ಕೇಳುವ ಹಾಗೆ ಅವಳು ಗೌರವದಿಂದ ಕೇಳುತ್ತಿದ್ದಳು. ಬಾಗಿಲು ತೆರೆಯಲಿಲ್ಲ. ಯಾರೂ ಒಳಗೆ ಬರಲಿಲ್ಲ. ಇಷ್ಟು ವರ್ಷ ಒಬ್ಬ ಹುಡುಗನನ್ನು ಹಚ್ಚಿಕೊಂಡು ಅತ್ತಿದ್ದಳಲ್ಲ, ಅಂಥ ಹುಡುಗ ಇರಲೇ ಇಲ್ಲ. ಇದ್ದವನು ಈಗ ಎದುರಿಗೆ ಹಾಡುತ್ತಿದ್ದಾನೆ, ಅವನ ಗುರುತು ಅವಳಿಗಿಲ್ಲ.

"ಅವ್ನೇ ಅಲ್ವೇನೇ?" ಎಂದು ರಸೆಲ್ ಪಿಸುಗುಟ್ಟಿದ, ಮಗುವಿನ ಹಾಗೆ.

"ಹೂಂ. ಅವ್ನೇ," ಎಂದಳು. ಇನ್ನೇನು ಹೇಳಿಯಾಳು.

ಅಷ್ಟರಲ್ಲಿ ಅವಳ ಗಮನ ಡ್ರಮ್ಮಿನ ಮೇಲೆ ಹೋಯಿತು. ಆ ಹುಚ್ಚು ವೇಗ ಎಲ್ಲೂ ಇರಲಿಲ್ಲ. ಯಾರೋ ಇಪ್ಪತ್ತೆರಡರ ಹುಡುಗಿ, ಮರಗಟ್ಟಿದ ಕೈಗಳಲ್ಲಿ, ತಪ್ಪುತಪ್ಪಾಗಿ, ಹುಷಾರಾಗಿ ಬಾರಿಸುತ್ತಿದ್ದಳು. ಪ್ರತಿ ಸಾಲಿನ ಕೊನೆಯಲ್ಲಿ ಅವಳ ಪೆಟ್ಟು ಕೂದಲೆಳೆಯಷ್ಟು ತಡವಾಗುತ್ತಿತ್ತು. ಮೊದಲು ಅದನ್ನು ತಪ್ಪು ಎಂದುಕೊಂಡಳು. ಮತ್ತೆ ಬಂತು, ಮತ್ತೆ ಬಂತು. ಅವನು ಉಸಿರು ಎಳೆದುಕೊಳ್ಳುವ ಜಾಗದಲ್ಲೆಲ್ಲ ಆ ಹುಡುಗಿ ಕೋಲು ಎತ್ತಿ ಹಿಡಿದು ಕಾಯುತ್ತಿದ್ದಳು. ಅವನ ಎದೆ ತುಂಬಿತು ಎಂದು ಗೊತ್ತಾದ ಮೇಲೆಯೇ ಕೆಳಗಿಳಿಸುತ್ತಿದ್ದಳು. ರೆಕಾರ್ಡಿನ ಓಟದಲ್ಲಿ ಆ ಕಾಯುವಿಕೆಯೆಲ್ಲ ಮುಚ್ಚಿಹೋಗಿತ್ತು. ತಾನು ಹಾಗೆ ಕಾದದ್ದು ಗ್ಲೆನಿಸ್‌ಗೆ ನೆನಪೇ ಇರಲಿಲ್ಲ. ಹಾಗಾದರೆ ಒಂದು ಕಾಲದಲ್ಲಿ ಅದು ಗೊತ್ತಿತ್ತು. ಯಾರೂ ಹೇಳಿಕೊಡದೆ ಕೈಗಳಿಗೆ ಗೊತ್ತಿತ್ತು. ಆಮೇಲೆ ಆ ಹಾಳು ತಟ್ಟೆಯನ್ನು ಕೇಳಿ ಕೇಳಿ, ಅದೇ ಸರಿ ಎಂದು ನಂಬಿ, ಗೊತ್ತಿದ್ದದ್ದನ್ನು ಕೈಗಳಿಂದ ಒರೆಸಿಹಾಕಿದಳು. ಒಂದು ಇಡೀ ವರ್ಷ ಕಾಯಲಿಲ್ಲ.

ಹಾಡು ಮುಗಿಯಿತು. ರೆಕಾರ್ಡಿನಲ್ಲಿ ಇಲ್ಲಿಗೇ ಕತ್ತರಿಸಿದ್ದರು. ಟೇಪು ಮಾತ್ರ ಓಡುತ್ತಿತ್ತು. ತಂತಿಗಳ ಮೊಳಗು ಸಣ್ಣಗಾಯಿತು. ಯಾರದೋ ಬೂಟು ಹಲಗೆ ನೆಲದ ಮೇಲೆ ಕಿರುಗುಟ್ಟಿತು. ಕೆಮ್ಮು. ಆಮೇಲೆ ಉಬ್ಬಸದವರು ಬಾಯಿಗೆ ಹಿಡಿದುಕೊಳ್ಳುವ ಆ ಪುಟ್ಟ ಡಬ್ಬಿಯನ್ನು ಗಲಗಲ ಅಲ್ಲಾಡಿಸಿದ ಸದ್ದು, ಪುಸ್ ಎಂದು ಒಂದು ಸಲ ಒತ್ತಿದ ಸದ್ದು, ಗಾಳಿ ಒಳಗೆ ಹೋದ ಸದ್ದು. ಮತ್ತೆ ನಿಶ್ಶಬ್ದ. ಅವನು ಔಷಧಿ ಎದೆಯೊಳಗೆ ಇಳಿಯಲೆಂದು ಉಸಿರು ಹಿಡಿದು ನಿಂತಿದ್ದ.

ಗ್ಯಾರೇಜಿನ ಕುರ್ಚಿಯಲ್ಲಿ ಗ್ಲೆನಿಸ್‌ಳ ಉಸಿರೂ ನಿಂತಿತ್ತು. ನಿಲ್ಲಿಸಬೇಕೆಂದು ಅವಳು ನಿಲ್ಲಿಸಿರಲಿಲ್ಲ. ಆ ಮನೆಯಲ್ಲಿ, ಆ ಹಾಸಿಗೆಯಲ್ಲಿ, ಬಸ್ಸುಗಳಲ್ಲಿ, ಅವನು ಹೀಗೆ ಹಿಡಿದಾಗಲೆಲ್ಲ ಅವಳೂ ಹಿಡಿಯುತ್ತಿದ್ದಳು, ಅವನು ಬಿಟ್ಟ ಮೇಲೆ ಬಿಡುತ್ತಿದ್ದಳು. ದಿನಕ್ಕೆ ಎಷ್ಟೋ ಸಲ, ಲೆಕ್ಕವಿಲ್ಲದೆ, ತಿಳಿಯದೆ. ಪಕ್ಕೆಲುಬುಗಳು ತಾವಾಗಿಯೇ ಬಿಗಿದು ನಿಂತವು. ಇವನು. ಇವನೇ. ಬೇರೆ ಯಾರ ಮುಂದೆಯೂ ಈ ಎದೆ ಹೀಗೆ ನಿಂತದ್ದಿಲ್ಲ. ಅವಳು ಸ್ಪೀಕರುಗಳನ್ನೇ ನೋಡುತ್ತ, ಅವನು ಬಿಡಲಿ ಎಂದು ಕಾದಳು.

ಟೇಪು ಮುಗಿದು, ಅದರ ತುದಿ ಚಕ್ರದ ಜೊತೆ ಪಟಪಟನೆ ಹೊಡೆದುಕೊಳ್ಳತೊಡಗಿತು.

"ಅಷ್ಟೇ ಇರೋದು," ಎಂದ ರಸೆಲ್. ಯಂತ್ರ ನಿಲ್ಲಿಸಿದ. "ಏನ್ ಹೇಳ್ಲಿ ಅವ್ರಿಗೆ? ಹಳೇದೋ, ಇದೋ?"

ಉತ್ತರ ಅವಳ ಬಾಯಲ್ಲೇ ಇತ್ತು. ಹೇಳಬೇಕಾದರೆ ಉಸಿರು ಬಿಡಬೇಕು. ಕೈಯೆತ್ತಿ, ತಾಳು ಎಂದು ರಸೆಲ್‌ಗೆ ಸನ್ನೆ ಮಾಡಿದಳು. ಅರವತ್ತೆರಡರ ಎದೆ ಎಷ್ಟು ತಡೆದೀತೋ ಅಷ್ಟು ಹೊತ್ತು ತಡೆದಳು, ಕಿವಿಯಲ್ಲಿ ರಕ್ತ ಹೊಡೆದುಕೊಳ್ಳುವ ತನಕ, ಮೇಜು ಸ್ಪೀಕರು ಎಲ್ಲ ಮಸುಕಾಗುವ ತನಕ.

"ಇದನ್ನೇ ಕಳ್ಸು," ಎಂದಳು.